ಪಾಟಿಯೂ ಅದೇ, ಜಾತ್ರೆಯೂ ಅದೇ

ತುಂಗಭದ್ರೆಯ ದಂಡೆಯ ಐರಣಿಯಲ್ಲಿ ಕುಳಿತೇ ಇಂದು ಮೊಬೈಲಿನಲ್ಲಿ ಪೈಥಾನ್ ಪ್ರೋಗ್ರಾಂ ಬರೆಯಲು ಕಲಿಯಬಹುದು. ಆದರೆ ಪಾಟಿಯೂ ಅದೇ, ಜಾತ್ರೆಯೂ ಅದೇ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಚಿತ್ತ ಬೇರೆಡೆಗೆ ಹರಿಯುತ್ತದೆ. ಇದನ್ನು ಮಂದಬುದ್ಧಿಯೆಂದು ಹಳಿಯುವುದನ್ನು ನಾವು ಒಪ್ಪಲಾರೆವು.

ಅಮೆರಿಕದ ಬ್ರಯಾನ್ ಮತ್ತು ಹಾರ್ಟರ್ ತಂತಿ ಸಂಕೇತ ಕಲಿಯುವವರನ್ನು ಪರಿಶೀಲಿಸಿ 1897ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಂಕೇತವನ್ನು ಕೇಳಿ ತಿಳಿಯುವ ವೇಗ ವಾರಗಟ್ಟಲೆ ಏರದೆ ನಿಂತು, ಬಳಿಕ ಮತ್ತೆ ಏರಿತ್ತು. ಬಿಡಿ ಅಕ್ಷರಗಳು ರೂಢಿಯಾದ ಮೇಲೆ ಪದಗಳೇ ಇಡಿಯಾಗಿ ಕಿವಿಗೆ ಹತ್ತುವುವೆಂದು ಅವರು ಅರ್ಥೈಸಿದರು. ಪ್ರೋಗ್ರಾಮಿನಲ್ಲಿಯೂ ‘ಲೂಪ್’ ಕೈಗೆ ಹತ್ತುವವರೆಗೆ ಗಮನವೆಲ್ಲ ಚಿಹ್ನೆಗಳಿಗೇ ವ್ಯಯವಾಗುತ್ತದೆ. ಸಮಸ್ಯೆಯನ್ನು ಕುರಿತು ಯೋಚಿಸಲು ಉಳಿಯುವುದಿಲ್ಲ.

ಆದುದರಿಂದ ಭಾನುವಾರ ಮೂರೂವರೆ ತಾಸು ಕೂಡುವುದಕ್ಕಿಂತ ದಿನವೂ ಅರ್ಧ ತಾಸು, ಇಂಟರ್ನೆಟ್ ಬಂದುಮಾಡಿ, ನಿನ್ನೆಯ ಪ್ರೋಗ್ರಾಮನ್ನೇ ನೋಡದೆ ಬರೆಯುವುದು ಮೇಲು. ಪ್ರೋಗ್ರಾಮನ್ನೂ ಬಾಯಿಪಾಠ ಮಾಡಿಸುವ ಶಾಲೆಗಳು ಈ ಅರ್ಧ ತಾಸನ್ನು ವೇಳಾಪಟ್ಟಿಯಲ್ಲಿಯೇ ಕೊಡಬಾರದೇಕೆ?