ಬೆಕ್ಕಿನ ಮರಿ ಆಟಿಕೆಯಲ್ಲ

ಸಾವಿರಾರು ರೂಪಾಯಿ ತೆತ್ತು ಪರ್ಶಿಯನ್ ಬೆಕ್ಕಿನ ಮರಿ ತರುವುದು ತಪ್ಪೆಂದು ನಾವು ಹೇಳೆವು. ಆದರೆ 8 ವಾರ ತುಂಬುವ ಮೊದಲೇ ಅದನ್ನು ತಾಯಿಯಿಂದ ಅಗಲಿಸುವುದು ಅನ್ಯಾಯ. 12 ವಾರವಾದರೆ ಲೇಸು.

ನಮ್ಮ ಕಬನೂರಿನ ಮಗ್ಗಗಳ ಸದ್ದು ನಮಗೆ ಜೋಗುಳ, ಹೊಸ ಮರಿಗೆ ಸಿಡಿಲು. ಮೊದಲ ಕೆಲವು ದಿನ ಅದಕ್ಕೆ ಸದ್ದಿಲ್ಲದ ಕೋಣೆಯೊಂದು ಬೇಕು. ಪ್ರೀತಿಯಿಂದ ಕೊಟ್ಟ ಹಸುವಿನ ಹಾಲು ಭೇದಿ ತರಬಹುದು. ಬೆಕ್ಕು ಹುಟ್ಟಾ ಮಾಂಸಾಹಾರಿ, ಹಾಲು-ರೊಟ್ಟಿಯಿಂದಲೇ ಬಾಳಲಾರದು. ಮಾಂಸ ಒಲ್ಲದ ಮನೆಯವರು ಇದನ್ನು ಮೊದಲೇ ಯೋಚಿಸಬೇಕು. ಉದ್ದ ಕೂದಲನ್ನು ದಿನಾಲೂ ಬಾಚಬೇಕು. 3 ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಬೇಕು.

ಪಾಲಕರೇ, ಮಕ್ಕಳು ಹಟ ಹಿಡಿದಾಗ ಒಂದೇ ಮಾತು ಕೇಳಿರಿ: ಪರೀಕ್ಷೆಯ ದಿನಗಳಲ್ಲಿ ಅದರ ಹೊಲಸು ತೆಗೆಯುವವರು ಯಾರು? ಉತ್ತರ ಸಿಕ್ಕ ಮನೆಗೆ ಮಾತ್ರ ಮರಿ ಬರಲಿ.