ತಂಡ ಯಾರದ್ದು? ಓಕ್‌ಲ್ಯಾಂಡಿನ ಪ್ರಶ್ನೆ

2024ರ ಸೆಪ್ಟೆಂಬರ್ 26ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಓಕ್‌ಲ್ಯಾಂಡ್ ನಗರದಲ್ಲಿ ಒಂದು ಬೇಸ್‌ಬಾಲ್ ಪಂದ್ಯ ನಡೆಯಿತು. ಅಂದು ಕೊಲಿಸಿಯಂ ಕ್ರೀಡಾಂಗಣದಲ್ಲಿ 46,889 ಮಂದಿ ಸೇರಿದ್ದರು. ಆತಿಥೇಯ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡ ಟೆಕ್ಸಾಸ್ ರೇಂಜರ್ಸನ್ನು 3-2ರಿಂದ ಸೋಲಿಸಿತು. ಗೆದ್ದ ತಂಡದ ಅಭಿಮಾನಿಗಳು ಕುಣಿಯಬೇಕಿತ್ತು. ಆದರೆ ಅವರು ಅಳುತ್ತಿದ್ದರು. ಏಕೆಂದರೆ ಅದು ಆ ಊರಿನಲ್ಲಿ ಆ ತಂಡದ ಕೊನೆಯ ಪಂದ್ಯವಾಗಿತ್ತು. 1968ರಿಂದ 57 ಋತುಗಳ ಕಾಲ ತಂದೆ ಮಕ್ಕಳನ್ನು, ಅಜ್ಜ ಮೊಮ್ಮಕ್ಕಳನ್ನು ಕೈಹಿಡಿದು ಕರೆತಂದಿದ್ದ ಆ ಅಂಗಳಕ್ಕೆ ಅಂದು ಬೀಗ ಬಿತ್ತು.

ಈ ಘಟನೆಗೆ ಒಂದು ಅಧಿಕೃತ ವಿವರಣೆಯಿದೆ. ತಂಡ ಸೋಲುತ್ತಿತ್ತು, ಕ್ರೀಡಾಂಗಣ ಹಳೆಯದಾಗಿತ್ತು, ಜನ ಬರುತ್ತಿರಲಿಲ್ಲ, ಬೇರೆ ದಾರಿಯಿಲ್ಲದೆ ಮಾಲಿಕರು ಊರು ಬಿಟ್ಟರು ಎನ್ನುವುದೇ ಆ ವಿವರಣೆ. ಈ ಕಥೆಯನ್ನು ತಲೆಕೆಳಗಾಗಿ ನಿಲ್ಲಿಸಲಾಗಿದೆ ಎಂದು ನಾವು ಹೇಳಬಯಸುತ್ತೇವೆ. ಜನ ಬಾರದ್ದರಿಂದ ತಂಡ ಹಾಳಾದದ್ದಲ್ಲ. ಮೊದಲು ತಂಡವನ್ನು ಹಾಳುಗೆಡವಲಾಯಿತು. ಜನ ದೂರ ಸರಿದರು. ಬಳಿಕ ಖಾಲಿ ಕುರ್ಚಿಗಳ ಚಿತ್ರವನ್ನೇ ಜನರ ವಿರುದ್ಧ ಸಾಕ್ಷಿಯಾಗಿ ಮುಂದಿಡಲಾಯಿತು.

ಇದು ಬರೀ ಆರೋಪವಲ್ಲ. ಹತ್ತು ವರ್ಷಗಳ ಲೆಕ್ಕವನ್ನು ಬಿಡಿಸಿ ನೋಡೋಣ.

ಬೇಸ್‌ಬಾಲ್ ನಮ್ಮ ಆಟವಲ್ಲ. ಆದ್ದರಿಂದ ಎರಡು ಮಾತು ಮೊದಲೇ ಹೇಳಿಬಿಡುವುದು ಒಳಿತು. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದು ಋತುವಿನಲ್ಲಿ ಪ್ರತಿ ತಂಡವೂ 162 ಪಂದ್ಯಗಳನ್ನಾಡುತ್ತದೆ. 90 ಪಂದ್ಯ ಗೆದ್ದರೆ ಒಳ್ಳೆಯ ವರ್ಷ, 100 ಸೋತರೆ ಅವಮಾನದ ವರ್ಷ. ಈ ಲೀಗ್‌ನಲ್ಲಿ ಅಥ್ಲೆಟಿಕ್ಸ್ ಯಾವುದೋ ಮೂಲೆಯ ತಂಡವೇನಲ್ಲ. ಓಕ್‌ಲ್ಯಾಂಡಿಗೆ ಬಂದ ಮೇಲೆ 1972, 1973, 1974 ಮತ್ತು 1989ರಲ್ಲಿ ಅದು ವರ್ಲ್ಡ್ ಸೀರೀಸ್ ಗೆದ್ದಿದೆ. ಕಡಿಮೆ ಹಣದಲ್ಲಿ, ಅಂಕಿ-ಅಂಶಗಳ ಬಲದಿಂದ ದೊಡ್ಡ ತಂಡಗಳನ್ನು ಮಣಿಸಿ 2002ರಲ್ಲಿ ಸತತ 20 ಪಂದ್ಯ ಗೆದ್ದದ್ದೂ ಇದೇ ತಂಡ. ಆ ಸಾಹಸದ ಕುರಿತು ಮೈಕೆಲ್ ಲೂಯಿಸ್ ಬರೆದ 'ಮನಿಬಾಲ್' ಪುಸ್ತಕ 2011ರಲ್ಲಿ ಚಲನಚಿತ್ರವೂ ಆಯಿತು. ಬಡತನದಲ್ಲೂ ಬುದ್ಧಿಯಿಂದ ಗೆಲ್ಲಬಹುದು ಎಂಬ ಆ ಕಥೆಯನ್ನು ಜಗತ್ತು ಮೆಚ್ಚಿತು. ಆದರೆ ಆ ಬಡತನ ನಿಜವಾದ ಬಡತನವೇ ಎಂದು ಕೇಳಿದವರು ಕಡಿಮೆ.

2005ರಲ್ಲಿ ಲ್ಯೂ ವೂಲ್ಫ್ ಮತ್ತು ಜಾನ್ ಫಿಶರ್ ಸುಮಾರು 18 ಕೋಟಿ ಡಾಲರ್ ಕೊಟ್ಟು ತಂಡವನ್ನು ಖರೀದಿಸಿದರು. ಫಿಶರ್, 'ಗ್ಯಾಪ್' ಎಂಬ ಜಗತ್ಪ್ರಸಿದ್ಧ ಉಡುಪು ಕಂಪೆನಿಯನ್ನು ಕಟ್ಟಿದ ದಂಪತಿಯ ಮಗ. 2016ರ ನವೆಂಬರ್‌ನಿಂದ ತಂಡದ ಪೂರ್ಣ ನಿಯಂತ್ರಣ ಅವರ ಕೈಯಲ್ಲಿದೆ. ಕೋಟ್ಯಧೀಶನ ಮನೆಯಲ್ಲಿ ಈ 'ಬಡ' ತಂಡ ಬೆಳೆಯಿತು!

2014ರ ಜುಲೈ ಕೊನೆಯಲ್ಲಿ ಲೀಗಿನ ಎಲ್ಲ ತಂಡಗಳಿಗಿಂತ ಹೆಚ್ಚು ಗೆಲುವಿನ ಪ್ರಮಾಣ ಅಥ್ಲೆಟಿಕ್ಸ್‌ನದ್ದಾಗಿತ್ತು. ಆ ವರ್ಷದ ನಾಕೌಟ್ ಪಂದ್ಯದಲ್ಲಿ ಕಾನ್ಸಾಸ್ ಸಿಟಿಯ ವಿರುದ್ಧ 7-3ರಿಂದ ಮುಂದಿದ್ದ ತಂಡ 12ನೇ ಇನ್ನಿಂಗ್ಸ್‌ನಲ್ಲಿ 9-8ರಿಂದ ಸೋತಿತು. ಸರಿ, ಅದು ಆಟ. ಆಟದಲ್ಲಿ ಸೋಲು ಸಹಜ. ಆದರೆ ಅನಂತರ ನಡೆದದ್ದು ಆಟವಲ್ಲ, ವ್ಯಾಪಾರ. ಎರಡು ತಿಂಗಳೊಳಗೆ ತಂಡದ ಅತ್ಯುತ್ತಮ ಆಟಗಾರ ಜಾಶ್ ಡೊನಾಲ್ಡ್‌ಸನ್‌ರನ್ನು ಟೊರಾಂಟೊಗೆ ಕೊಟ್ಟುಬಿಟ್ಟರು. ಮರುವರ್ಷ ಅವರು ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು. ಓಕ್‌ಲ್ಯಾಂಡ್ ಅದೇ ವರ್ಷ 94 ಪಂದ್ಯಗಳನ್ನು ಸೋತು ತನ್ನ ವಿಭಾಗದ ತಳಕ್ಕೆ ಬಿತ್ತು. 2015, 2016, 2017 ಮೂರೂ ವರ್ಷ ಅಲ್ಲೇ ಉಳಿಯಿತು.

ಮತ್ತೆ ಎದ್ದಿತು. ಯುವಕರಾದ ಮ್ಯಾಟ್ ಚಾಪ್‌ಮನ್, ಮ್ಯಾಟ್ ಓಲ್ಸನ್ ಮುಂತಾದವರು ಬೆಳೆದರು. 2018ರಲ್ಲಿ 97 ಗೆಲುವು, 2019ರಲ್ಲಿ ಮತ್ತೆ 97. ಲೀಗಿನಲ್ಲೇ ಅತಿ ಕಡಿಮೆ ಸಂಬಳ ಕೊಡುವ ತಂಡಗಳಲ್ಲೊಂದು ಮಾಡಿದ ಸಾಧನೆಯಿದು. ಎರಡೂ ವರ್ಷ ಒಂದೇ ಒಂದು ನಾಕೌಟ್ ಪಂದ್ಯದಲ್ಲಿ ಸೋತು ಹೊರಬಿದ್ದರು. ಆದರೆ 2019ರ ಅಕ್ಟೋಬರ್‌ನ ಆ ಪಂದ್ಯ ನೋಡಲು ಓಕ್‌ಲ್ಯಾಂಡಿನಲ್ಲಿ ಎಷ್ಟು ಮಂದಿ ಬಂದಿದ್ದರು ಗೊತ್ತೇ? 54,005! 'ಈ ಊರಿನವರಿಗೆ ಬೇಸ್‌ಬಾಲ್ ಬೇಡ' ಎನ್ನುವವರು ಈ ಸಂಖ್ಯೆಗೆ ಏನು ಉತ್ತರ ಕೊಡುತ್ತಾರೆ?

2020ರಲ್ಲಿ ಕೊರೊನಾದಿಂದಾಗಿ ಖಾಲಿ ಕ್ರೀಡಾಂಗಣದಲ್ಲಿ ಆಡಿ ತಂಡ ವಿಭಾಗವನ್ನು ಗೆದ್ದಿತು. 2021ರಲ್ಲೂ 86 ಪಂದ್ಯ ಗೆದ್ದಿತು. ನಿಜವಾದ ಕೆಡವುವಿಕೆ ಶುರುವಾದದ್ದು ಇಲ್ಲಿಂದಲೇ. ವರ್ಷಗಳಿಂದ ತಂಡವನ್ನು ಸಾಕಿ ಬೆಳೆಸಿದ್ದ ಮ್ಯಾನೇಜರ್ ಬಾಬ್ ಮೆಲ್ವಿನ್‌ರನ್ನು ಸ್ಯಾನ್ ಡಿಯಾಗೊಗೆ ಹೋಗಲು ಬಿಟ್ಟರು. 2022ರ ಮಾರ್ಚ್‌ನಲ್ಲಿ ಒಂದೇ ವಾರದೊಳಗೆ ಕ್ರಿಸ್ ಬ್ಯಾಸಿಟ್, ಓಲ್ಸನ್, ಚಾಪ್‌ಮನ್ ಮೂವರನ್ನೂ ಬೇರೆ ತಂಡಗಳಿಗೆ ದಾಟಿಸಿದರು. ಇತ್ತ ಸೀಸನ್ ಟಿಕೆಟಿನ ಬೆಲೆ ಏರಿಸಿದರು. ಅಂಗಡಿಯಲ್ಲಿದ್ದ ಸರಕನ್ನೆಲ್ಲ ಹಿಂಬಾಗಿಲಿನಿಂದ ಸಾಗಿಸಿ, ಮುಂಬಾಗಿಲಿನಲ್ಲಿ ದರ ಹೆಚ್ಚಿಸಿ, ಗಿರಾಕಿ ಬರುತ್ತಿಲ್ಲವೆಂದು ಬೊಬ್ಬೆ ಹಾಕುವ ವ್ಯಾಪಾರಿಯನ್ನು ನಾವು ಏನೆಂದು ಕರೆಯುತ್ತೇವೆ?

ಫಲಿತಾಂಶ ಎಲ್ಲರಿಗೂ ಗೊತ್ತಿದ್ದದ್ದೇ. 2022ರಲ್ಲಿ 102 ಸೋಲು. 2023ರಲ್ಲಿ 112 ಸೋಲು. ಓಕ್‌ಲ್ಯಾಂಡಿಗೆ ಬಂದ ಮೇಲೆ ತಂಡ ಕಂಡ ಅತಿ ಕೆಟ್ಟ ವರ್ಷವದು. ಆ ವರ್ಷ ಇಡೀ ತಂಡದ ಸಂಬಳ ಸುಮಾರು 6 ಕೋಟಿ ಡಾಲರ್. ನ್ಯೂಯಾರ್ಕ್ ಮೆಟ್ಸ್‌ನದ್ದು 30 ಕೋಟಿಗೂ ಹೆಚ್ಚು. ಓಕ್‌ಲ್ಯಾಂಡ್ ಬಿಟ್ಟುಕೊಟ್ಟ ಓಲ್ಸನ್ ಅದೇ ವರ್ಷ ಅಟ್ಲಾಂಟಾ ಪರ 54 ಹೋಮ್ ರನ್ ಹೊಡೆದು ಇಡೀ ಲೀಗಿಗೇ ಮೊದಲಿಗರಾದರು.

ಇಷ್ಟು ಸೋತರೂ ಮಾಲಿಕನಿಗೇನು ನಷ್ಟವಾಯಿತು? ವಿಷಯದ ಬೇರು ಇಲ್ಲಿದೆ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ತಳಕ್ಕೆ ಬಿದ್ದ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಅಂಥ ಶಿಕ್ಷೆಯಿಲ್ಲ. 112 ಸೋತ ತಂಡಕ್ಕೂ ಲೀಗಿನ ಟಿವಿ ಹಣದಲ್ಲಿ ಪಾಲಿದೆ. ಮಾಲಿಕರು ತಾವೇ ಕಟ್ಟಿಕೊಂಡ ಕೂಟದ ಒಳಗೆ ಅವರ ಕುರ್ಚಿ ಭದ್ರ. 1922ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಬೇಸ್‌ಬಾಲ್‌ಗೆ ಕೊಟ್ಟ ವಿನಾಯಿತಿ ಇಂದಿಗೂ ಪೂರ್ತಿ ಅಳಿದಿಲ್ಲ. ಇನ್ನು ತಂಡದ ಬೆಲೆ? 18 ಕೋಟಿಗೆ ಕೊಂಡದ್ದು 2023ರ ವೇಳೆಗೆ ಫೋರ್ಬ್ಸ್ ಅಂದಾಜಿನಲ್ಲಿ 100 ಕೋಟಿ ಡಾಲರ್ ದಾಟಿತ್ತು. ಮೈದಾನದಲ್ಲಿ ಸೋಲು, ತಿಜೋರಿಯಲ್ಲಿ ಗೆಲುವು. ಸೋಲು ಎನ್ನುವುದು ಇಲ್ಲಿ ದುರದೃಷ್ಟವಲ್ಲ, ಒಂದು ನೀತಿ.

ಓಕ್‌ಲ್ಯಾಂಡ್ ನಗರಾಡಳಿತವೂ ನಿರ್ದೋಷಿಯಲ್ಲ ಎಂದು ಕೆಲವರು ವಾದಿಸುತ್ತಾರೆ. ಈ ವಾದವನ್ನು ನಾವು ತಳ್ಳಿಹಾಕುವುದಿಲ್ಲ. 1966ರಲ್ಲಿ ತೆರೆದ ಕೊಲಿಸಿಯಂ ನಿಜಕ್ಕೂ ಹಳತಾಗಿತ್ತು. 2013ರಲ್ಲಿ ಅಲ್ಲಿನ ಆಟಗಾರರ ಕೋಣೆಗಳಿಗೆ ಚರಂಡಿ ನೀರು ನುಗ್ಗಿತ್ತು. ಆದರೆ ನಗರ ಏಕೆ ಕೈ ಬಿಗಿ ಹಿಡಿಯಿತು ಎಂಬುದನ್ನೂ ನೋಡಬೇಕಲ್ಲವೇ? 1995ರಲ್ಲಿ ರೇಡರ್ಸ್ ಎಂಬ ಫುಟ್‌ಬಾಲ್ ತಂಡವನ್ನು ಮರಳಿ ಕರೆತರಲು ನಗರವೂ ಕೌಂಟಿಯೂ ಸೇರಿ ಸುಮಾರು 20 ಕೋಟಿ ಡಾಲರ್ ಸಾಲ ಮಾಡಿದವು. ಆ ಹಣದಿಂದ ಎಬ್ಬಿಸಿದ ಎತ್ತರದ ಗ್ಯಾಲರಿ, ಪ್ರೇಕ್ಷಕರ ಕಣ್ಣಿಗೆ ಕಾಣುತ್ತಿದ್ದ ಬೆಟ್ಟಸಾಲನ್ನು ಮರೆಮಾಡಿತು. ಕೊನೆಗೆ ಆ ತಂಡ 2020ರಲ್ಲಿ ಲಾಸ್ ವೇಗಾಸ್‌ಗೆ ಹೊರಟುಹೋಯಿತು. ಸಾಲ ಮಾತ್ರ ಜನರ ತಲೆಯ ಮೇಲೆ ಉಳಿಯಿತು. ಅದಕ್ಕೂ ಮುನ್ನ 2019ರಲ್ಲಿ ವಾರಿಯರ್ಸ್ ಎಂಬ ಬಾಸ್ಕೆಟ್‌ಬಾಲ್ ತಂಡ ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿತ್ತು. ಒಮ್ಮೆ ಕೈ ಸುಟ್ಟುಕೊಂಡವನು ಬೆಂಕಿಯ ಮುಂದೆ ಹಿಂಜರಿದರೆ ಅದು ಅಪರಾಧವೇ? ಅಷ್ಟಾಗಿಯೂ 2021ರ ಜುಲೈಯಲ್ಲಿ ನಗರ ಸಭೆ, ಬಂದರು ಬಳಿಯ ಹೋವರ್ಡ್ ಟರ್ಮಿನಲ್‌ನಲ್ಲಿ ಹೊಸ ಕ್ರೀಡಾಂಗಣಕ್ಕೆ ತನ್ನ ಷರತ್ತುಗಳೊಂದಿಗೆ ಒಪ್ಪಿಗೆ ಸೂಚಿಸಿತು. ಮಾತುಕತೆ ನಡೆಯುತ್ತಿರುವಾಗಲೇ 2023ರ ಏಪ್ರಿಲ್‌ನಲ್ಲಿ ತಂಡ ಲಾಸ್ ವೇಗಾಸ್‌ನಲ್ಲಿ ಜಾಗದ ಒಪ್ಪಂದವಾಗಿದೆಯೆಂದು ಪ್ರಕಟಿಸಿತು.

ಆಗ ಅಭಿಮಾನಿಗಳು ಮಾಡಿದ್ದು ಬಹಿಷ್ಕಾರಕ್ಕೆ ತದ್ವಿರುದ್ಧವಾದ ಚಳವಳಿ. 'ಜನ ಬರುವುದಿಲ್ಲ ಎನ್ನುತ್ತೀರಲ್ಲ, ಇಗೋ ಬಂದೆವು' ಎಂಬಂತೆ 2023ರ ಜೂನ್ 13ರಂದು 27,759 ಮಂದಿ ಕೊಲಿಸಿಯಂಗೆ ಬಂದರು. ಎಲ್ಲೆಡೆ 'ಮಾರಿಬಿಡು' ಎಂದು ಬರೆದ ಹಸಿರು ಅಂಗಿಗಳು. ತಂಡವನ್ನು ಪ್ರೀತಿಸುವವನಿಗೆ ಮಾರು, ನೀನು ನಡೆ ಎಂಬುದೇ ಅವರ ಬೇಡಿಕೆ. ಅಂದಿನ ಪಂದ್ಯವನ್ನೂ ತಂಡ 2-1ರಿಂದ ಗೆದ್ದಿತು. ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಮಾತ್ರ, ಇದು ಒಂದು ರಾತ್ರಿಯ ಮಟ್ಟಿಗೆ ಹೆಚ್ಚುಕಡಿಮೆ ಸರಾಸರಿ ಜನಸಂದಣಿ ಎಂಬರ್ಥದ ಮಾತಾಡಿ ಗೇಲಿ ಮಾಡಿದರು. ತಂಡದ ಆಡಳಿತ ಅಂದಿನ ಟಿಕೆಟ್ ಹಣ 8 ಲಕ್ಷ ಡಾಲರಿಗೂ ಹೆಚ್ಚನ್ನು ಸ್ಥಳೀಯ ಆಹಾರ ನಿಧಿಗೂ ಶಿಕ್ಷಣ ನಿಧಿಗೂ ದಾನ ಮಾಡುವುದಾಗಿ ಘೋಷಿಸಿತು. ಅದೇ ವಾರ ನೆವಾಡ ರಾಜ್ಯದ ಶಾಸನ ಸಭೆ ಆ ತಂಡದ ಹೊಸ ಕ್ರೀಡಾಂಗಣಕ್ಕೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಮಸೂದೆಯನ್ನು ಅಂಗೀಕರಿಸಿತು. ಒಂದು ಕೈಯಲ್ಲಿ ಲಕ್ಷಗಳ ದಾನ, ಇನ್ನೊಂದು ಕೈಯಲ್ಲಿ ಕೋಟಿಗಳ ಬೇಟೆ!

ನೆವಾಡದ ಶಿಕ್ಷಕರ ಸಂಘ ಇದನ್ನು ವಿರೋಧಿಸಿತು. ಕ್ರೀಡಾಂಗಣಕ್ಕಿಂತ ಶಾಲೆ ಮೊದಲು ಎಂಬುದು ಅವರ ವಾದ. ಜನಮತ ಕೇಳಿ ಎಂದು ಅವರು ಹೋರಾಡಿದರು. 2024ರಲ್ಲಿ ನೆವಾಡದ ಸರ್ವೋಚ್ಚ ನ್ಯಾಯಾಲಯ ಅವರ ಅರ್ಜಿಯ ದಾರಿಯನ್ನು ಮುಚ್ಚಿತು. ಸಾರ್ವಜನಿಕ ಹಣದಿಂದ ಕಟ್ಟಿದ ಕ್ರೀಡಾಂಗಣಗಳು ಊರಿಗೆ ಹಾಕಿದಷ್ಟು ಹಣವನ್ನು ಮರಳಿಸುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಹೇಳುತ್ತಲೇ ಬಂದಿದ್ದಾರೆ. ಕೇಳುವವರು ಯಾರು? 2023ರ ನವೆಂಬರ್‌ನಲ್ಲಿ ಲೀಗಿನ 30 ಮಾಲಿಕರೂ ಸೇರಿ ಸ್ಥಳಾಂತರಕ್ಕೆ ಅವಿರೋಧವಾಗಿ ಒಪ್ಪಿಗೆ ಕೊಟ್ಟರು. ಒಬ್ಬನೇ ಒಬ್ಬ ವಿರೋಧಿಸಲಿಲ್ಲ. ನಾಳೆ ತಮಗೂ ಇದೇ ದಾರಿ ಬೇಕಾಗಬಹುದಲ್ಲ!

ಇಂದು ಆ ತಂಡಕ್ಕೆ ಊರಿನ ಹೆಸರಿಲ್ಲ, ಬರೀ 'ಅಥ್ಲೆಟಿಕ್ಸ್'. ಲಾಸ್ ವೇಗಾಸ್‌ನ ಕ್ರೀಡಾಂಗಣ 2028ಕ್ಕೆ ಸಿದ್ಧವಾಗಬೇಕೆಂಬ ಯೋಜನೆ. ಅದುವರೆಗಿನ ಬಿಡಾರವಾಗಿ 2025ರಿಂದ ಸ್ಯಾಕ್ರಮೆಂಟೊ ಬಳಿಯ, ಸುಮಾರು 14 ಸಾವಿರ ಜನ ಹಿಡಿಯುವ ಕೆಳದರ್ಜೆ ಲೀಗಿನ ಮೈದಾನವನ್ನು ಆರಿಸಿಕೊಂಡರು. ಅಲ್ಲೂ ಮೊದಲ ವರ್ಷ ಅದು ತುಂಬಲಿಲ್ಲ. ಇನ್ನೊಂದು ಸಂಗತಿಯನ್ನು ಗಮನಿಸಿ. ಓಕ್‌ಲ್ಯಾಂಡಿನ ಬಾಗಿಲು ಮುಚ್ಚಿ ಮೂರು ತಿಂಗಳೂ ಆಗಿರಲಿಲ್ಲ, 2024ರ ಡಿಸೆಂಬರ್‌ನಲ್ಲಿ ಲೂಯಿಸ್ ಸೆವೆರಿನೊ ಎಂಬ ಆಟಗಾರನಿಗೆ ಮೂರು ವರ್ಷಕ್ಕೆ 6.7 ಕೋಟಿ ಡಾಲರ್‌ನ ಒಪ್ಪಂದ ಸಿಕ್ಕಿತು. ತಂಡದ ಇತಿಹಾಸದಲ್ಲೇ ಅಲ್ಲಿಯವರೆಗಿನ ಅತಿ ದೊಡ್ಡ ಒಪ್ಪಂದವದು. ಹಾಗಾದರೆ ಹಣ ಇರಲಿಲ್ಲವೆಂದದ್ದು? ಹಣವಿತ್ತು. ಓಕ್‌ಲ್ಯಾಂಡಿಗಾಗಿ ಇರಲಿಲ್ಲ.

ಇದು ಅಮೆರಿಕದ ಕಥೆ, ನಮಗೇಕೆ ಎನ್ನಬಹುದು. 2008ರಲ್ಲಿ ನಮ್ಮಲ್ಲಿ ಐಪಿಎಲ್ ಶುರುವಾದಾಗ ತಂದದ್ದು ಇದೇ ಮಾದರಿಯನ್ನು. ಊರಿನ ಹೆಸರು, ಮಾಲಿಕನ ಕೈಯಲ್ಲಿ ಹಕ್ಕುಪತ್ರ. ಬೆಂಗಳೂರಿನ ತಂಡವನ್ನು ವಿಜಯ್ ಮಲ್ಯ ಅವರ ಕಂಪೆನಿ 11.16 ಕೋಟಿ ಡಾಲರಿಗೆ ಕೊಂಡಿತು. ಆ ಕಂಪೆನಿಯೇ ಅನಂತರ ಡಿಯಾಜಿಯೊ ಎಂಬ ವಿದೇಶಿ ಮದ್ಯ ಕಂಪೆನಿಯ ವಶವಾಯಿತು. ಕಪ್ಪಿಗಾಗಿ 18 ವರ್ಷ ಕಾದವರು ಮಾತ್ರ ಇಲ್ಲಿನ ಜನ. ಕೊಚ್ಚಿಯ ತಂಡ 2011ರಲ್ಲಿ ಒಂದೇ ಋತು ಆಡಿ ಮಾಯವಾಯಿತು. ಮಾರುವಾಗಲೂ ಮುಚ್ಚುವಾಗಲೂ ಅಭಿಮಾನಿಯನ್ನು ಯಾರೂ ಕೇಳುವುದಿಲ್ಲ. ಜೈಕಾರ ಹಾಕಲು ಮಾತ್ರ ಅವನು ಬೇಕು.

ಬೇರೆ ದಾರಿಯೇ ಇಲ್ಲವೇ? ಇದೆ. ಅದೇ ಅಮೆರಿಕದಲ್ಲಿ ಗ್ರೀನ್ ಬೇ ಎಂಬ ಪುಟ್ಟ ನಗರದ ಫುಟ್‌ಬಾಲ್ ತಂಡ ಪ್ಯಾಕರ್ಸ್ 1923ರಿಂದ ಜನರ ಒಡೆತನದಲ್ಲಿದೆ. ಷೇರುದಾರರಿಗೆ ಲಾಭಾಂಶವಿಲ್ಲ, ತಂಡಕ್ಕೆ ಊರು ಬಿಡುವ ಮಾತೇ ಇಲ್ಲ. ಓಕ್‌ಲ್ಯಾಂಡಿನಲ್ಲೂ 2024ರಲ್ಲಿ 'ಬಾಲರ್ಸ್' ಎಂಬ ಚಿಕ್ಕ ತಂಡವೊಂದು ರೈಮಂಡಿ ಪಾರ್ಕಿನಲ್ಲಿ ಆಟ ಶುರುಮಾಡಿತು. ಅಭಿಮಾನಿಗಳಿಗೂ ಷೇರು ಕೊಟ್ಟಿತು. ಮರುವರ್ಷವೇ ತನ್ನ ಲೀಗಿನ ಪ್ರಶಸ್ತಿ ಗೆದ್ದಿತು. ಮೇಜರ್ ಲೀಗ್‌ನ ಮುಂದೆ ಅದು ಸಣ್ಣ ಲೀಗು, ನಿಜ. ಆದರೆ ಬೇಸ್‌ಬಾಲ್ ಬೇಡದ ಊರು ಹೀಗೆ ಮತ್ತೊಂದು ತಂಡ ಕಟ್ಟುತ್ತದೆಯೇ?

ಹಕ್ಕುಪತ್ರ ಯಾರ ಹೆಸರಿನಲ್ಲಿದೆ ಎಂಬುದು ನ್ಯಾಯಾಲಯ ಹೇಳುವ ವಿಷಯ. ತಂಡ ಯಾರದ್ದು ಎಂಬುದು ಬೇರೆ ಪ್ರಶ್ನೆ. ಫಿಶರ್‌ರಿಗೆ ಆ ತಂಡವನ್ನು ಕೊಳ್ಳಲು 18 ಕೋಟಿ ಡಾಲರ್ ಸಾಕಾಯಿತು. ಆದರೆ ಕೊನೆಯ ದಿನ ಅಳುತ್ತ ನಿಂತ ಆ 46,889 ಮಂದಿಯಲ್ಲಿ ಒಬ್ಬೊಬ್ಬರೂ ತಮ್ಮ ಬಾಲ್ಯವನ್ನು, ತಮ್ಮ ಸಂಜೆಗಳನ್ನು ಅದಕ್ಕೆ ಕೊಟ್ಟಿದ್ದರು. ಆ ಲೆಕ್ಕವನ್ನು ಬರೆಯುವ ಪುಸ್ತಕವೊಂದು ಮಾಲಿಕರ ಕಚೇರಿಯಲ್ಲಿ ಇಲ್ಲದಿರುವವರೆಗೆ, ಇಂದು ಓಕ್‌ಲ್ಯಾಂಡಿಗಾದದ್ದು ನಾಳೆ ಯಾವ ಊರಿಗೂ ಆಗಬಹುದು.