'ಜರ್ಮನ್ ಭಾಷೆ ಬೇಕಿಲ್ಲ' ಎನ್ನುವ ಬೇಸಿಗೆ ಕೆಲಸ: ಸಂಬಳವೇನೋ ಸಿಗುತ್ತದೆ, ಗೆಳೆಯರು ಸಿಗುತ್ತಾರೆಯೇ?

ಧಾರವಾಡದ ನನ್ನ ಗೆಳತಿಯೊಬ್ಬಳು ಸ್ನಾತಕೋತ್ತರ ಓದಿಗೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದಳು. ಮೊದಲ ಬೇಸಿಗೆ ರಜೆಯಲ್ಲಿ ಬೇಕರಿಯೊಂದರಲ್ಲಿ ಕೆಲಸ ಸಿಕ್ಕಿತು. ಎರಡನೇ ದಿನವೇ ಒಂದು ತಾಸು ತಡವಾಗಿ ಹೋದಳು. ಹಿಂದಿನ ಸಂಜೆ ಮೇಲ್ವಿಚಾರಕಿ 'ಹಾಲ್ಬ್ ಆಖ್ಟ್‌'ಗೆ ಬಾ ಎಂದಿದ್ದರು. ಪದಶಃ ಅದು 'ಅರ್ಧ ಎಂಟು'. "ಎಂಟೂವರಿಗೆ ಬಾ ಅಂದಾರ ಅಂತ ತಿಳ್ಕೊಂಡಿದ್ದೆ. ಅದು ಏಳೂವರಿ ಅಂತ ಹೋದ ಮ್ಯಾಲ ಗೊತ್ತಾತ ನೋಡ" ಎಂದು ಫೋನಿನಲ್ಲಿ ನಗುತ್ತಾ ಹೇಳಿದಳು. ಜರ್ಮನ್ನರ ಲೆಕ್ಕದಲ್ಲಿ ಗಡಿಯಾರ ಎಂಟರ ಕಡೆಗೆ ಅರ್ಧ ದಾರಿ ನಡೆದಿದ್ದರೆ ಅದು 'ಅರ್ಧ ಎಂಟು'.

ಅವತ್ತು ಆಕೆ ನಗುವ ಸ್ಥಿತಿಯಲ್ಲಿ ಇರಲಿಲ್ಲ. ಕೆಲಸ ಹೋಯಿತೆಂದೇ ಅಂದುಕೊಂಡಿದ್ದಳು. ಜತೆಯಲ್ಲಿದ್ದ, ಟರ್ಕಿ ಮೂಲದ ಹಿರಿಯ ಮಹಿಳೆಯೊಬ್ಬರು ಬ್ರೆಡ್ ತುಂಬುವ ಕಾಗದದ ಚೀಲದ ಮೇಲೆ ಗಡಿಯಾರ ಬರೆದು ತೋರಿಸಿದರು. ಎರಡು ವರ್ಷ ತರಗತಿಯಲ್ಲಿ ಜರ್ಮನ್ ಕಲಿತಿದ್ದ ನನ್ನ ಗೆಳತಿಗೆ ಆ ಚೀಲದ ಪಾಠ ಮಾತ್ರ ಮರೆತಿಲ್ಲ.

ಇಂಥ ಬೇಸಿಗೆ ಈಗ ಸಾವಿರಾರು ಭಾರತೀಯ ಮನೆಗಳ ಲೆಕ್ಕಾಚಾರದಲ್ಲಿದೆ. ಆದರೆ ನಮ್ಮಲ್ಲಿ ಚರ್ಚೆಯಾಗುವುದು ಗಂಟೆಗೆ ಎಷ್ಟು ಯೂರೋ, ವರ್ಷಕ್ಕೆ ಎಷ್ಟು ದಿನ ಎಂಬುದಷ್ಟೇ. ಆ ಕೆಲಸದಲ್ಲಿ ಯಾರ ಜತೆ, ಯಾವ ಭಾಷೆಯಲ್ಲಿ ಮಾತನಾಡಲು ಸಿಗುತ್ತದೆ ಎಂದು ಕೇಳುವವರು ಕಡಿಮೆ. ವಿದ್ಯಾರ್ಥಿಯ ಮುಂದಿನ ಐದು ವರ್ಷ ನಿಂತಿರುವುದು ಬಹುಮಟ್ಟಿಗೆ ಆ ಪ್ರಶ್ನೆಯ ಮೇಲೆ.

ಅಂಕಿ ಅಂಶ ಏನು ಹೇಳುತ್ತದೆ?

ಜರ್ಮನಿಯಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರೇ ಮೊದಲ ಸ್ಥಾನದಲ್ಲಿದ್ದಾರೆ. 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ 49 ಸಾವಿರ ದಾಟಿದ್ದ ಸಂಖ್ಯೆ, ಮರುವರ್ಷ ಸುಮಾರು 59 ಸಾವಿರಕ್ಕೆ ಏರಿತು. 2022ರ ಡಿಸೆಂಬರ್‌ನಲ್ಲಿ ಎರಡೂ ದೇಶಗಳು ವಲಸೆ ಒಪ್ಪಂದಕ್ಕೆ ಸಹಿ ಹಾಕಿದವು. 2024ರ ಅಕ್ಟೋಬರ್‌ನಲ್ಲಿ ಆಗಿನ ಚಾನ್ಸಲರ್ ಒಲಾಫ್ ಶೋಲ್ಸ್ ದೆಹಲಿಗೆ ಬಂದಾಗ, ಕುಶಲ ಕೆಲಸಗಾರರಿಗೆ ಕೊಡುವ ವೀಸಾ ಸಂಖ್ಯೆಯನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿದರು.

ವಿದ್ಯಾರ್ಥಿ ವೀಸಾಕ್ಕೆ ಹೋಗುವವರು ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ತೋರಿಸಬೇಕು. ತಿಂಗಳಿಗೆ 992 ಯೂರೋ ಮಾತ್ರ ಅದರಿಂದ ಕೈಗೆ ಬರುತ್ತದೆ. ದೊಡ್ಡ ನಗರಗಳಲ್ಲಿ ಬಾಡಿಗೆ, ವಿಮೆ ಕಟ್ಟಿದರೆ ಉಳಿಯುವುದು ಅಷ್ಟಕ್ಕಷ್ಟೇ. ಹಾಗಾಗಿ ಜುಲೈ ಕೊನೆಗೆ ತರಗತಿ ಮುಗಿದು ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಗುವವರೆಗಿನ ರಜೆ ದುಡಿಮೆಯ ಕಾಲ. 2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಮೊದಲು ಇದು 120 ಮತ್ತು 240 ಇತ್ತು. 2026ರ ಜನವರಿ 1ರಿಂದ ಕನಿಷ್ಠ ವೇತನ ಗಂಟೆಗೆ 13.90 ಯೂರೋ. ವಾರಕ್ಕೆ 40 ಗಂಟೆಯಂತೆ ಎಂಟು ವಾರ ದುಡಿದರೆ 4,448 ಯೂರೋ. ಕಡಿತಗಳ ಮೊದಲಿನ ಲೆಕ್ಕ ಇದಾದರೂ ನಾಲ್ಕು ತಿಂಗಳ ಖರ್ಚು ಹೊರಬಹುದಾದ ಮೊತ್ತ.

ಸುಲಭವಾಗಿ ಸಿಗುವ ಕೆಲಸದ ಸಮಸ್ಯೆ

ಭಾರತೀಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂಗ್ಲಿಷ್ ಮಾಧ್ಯಮದ ಕೋರ್ಸುಗಳಿಗೇ ಹೋಗುತ್ತಾರೆ. ತರಗತಿಯಲ್ಲಿ ಇಂಗ್ಲಿಷ್, ರೂಮಿನಲ್ಲಿ ಹಿಂದಿ, ತೆಲುಗು ಅಥವಾ ಕನ್ನಡ. ಜರ್ಮನ್ ಬೇಕಾಗುವುದು ಅಂಗಡಿಯಲ್ಲಿ, ಕಚೇರಿಯಲ್ಲಿ ಮಾತ್ರ. ಇಂಥವರ ಕಣ್ಣಿಗೆ 'ಜರ್ಮನ್ ಭಾಷೆ ಬೇಕಿಲ್ಲ' ಎನ್ನುವ ಕೆಲಸದ ಜಾಹೀರಾತು ವರದಂತೆ ಕಾಣುತ್ತದೆ.

ಆ್ಯಪ್ ಆಧಾರಿತ ಡೆಲಿವರಿ, ಗೋದಾಮಿನ ಪ್ಯಾಕಿಂಗ್ ಇಂಥ ಕೆಲಸಗಳು. ಎಲ್ಲಿಗೆ ಹೋಗಬೇಕೆಂದು ಫೋನ್ ಇಂಗ್ಲಿಷ್‌ನಲ್ಲೇ ಹೇಳುತ್ತದೆ. ಬಾಗಿಲಲ್ಲಿ ಪೊಟ್ಟಣ ಕೊಟ್ಟು 'ಡಾಂಕೆ' ಎಂದರೆ ಮುಗಿಯಿತು. ಗೋದಾಮಿನಲ್ಲಿ ಸ್ಕ್ಯಾನರ್ ಹಿಡಿದರೆ ಅಷ್ಟೂ ಇಲ್ಲ. ಇದು ಕೀಳು ಕೆಲಸವಲ್ಲ. ಬಾಡಿಗೆ ಕಟ್ಟಬೇಕಾದ ವಿದ್ಯಾರ್ಥಿಗೆ ಬೇರೆ ಆಯ್ಕೆ ಇಲ್ಲದಿರಬಹುದು. ಆದರೆ ಎರಡು ಬೇಸಿಗೆ ಹೀಗೇ ಕಳೆದವರು ಪದವಿ ಮುಗಿಸುವಾಗ ಹೊಸದೊಂದು ಗೋಡೆಯ ಮುಂದೆ ನಿಂತಿರುತ್ತಾರೆ.

ಪದವಿಯ ನಂತರ ಕೆಲಸ ಹುಡುಕಲು ಜರ್ಮನಿ 18 ತಿಂಗಳು ಕೊಡುತ್ತದೆ. ಆ ಹೊತ್ತಿಗೆ ಅನೇಕ ಕಂಪನಿಗಳು, ಅದರಲ್ಲೂ ಸಣ್ಣ ಊರುಗಳಲ್ಲಿರುವ ಮಧ್ಯಮ ಗಾತ್ರದ ಕಾರ್ಖಾನೆಗಳು, ಕೇಳುವುದು ಜರ್ಮನ್. ಕಾನೂನಿನಲ್ಲೂ ಭಾಷೆಗೆ ಬೆಲೆ ಇದೆ. ಬ್ಲೂ ಕಾರ್ಡ್ ಇರುವವರು ಮೊದಲ ಮೆಟ್ಟಿಲಾದ ಎ1 ಮಟ್ಟದ ಜರ್ಮನ್ ಮಾತ್ರ ಬಲ್ಲವರಾದರೆ ಕಾಯಂ ವಾಸದ ಪರವಾನಗಿಗೆ 27 ತಿಂಗಳು ಕೆಲಸ ಮಾಡಿರಬೇಕು. ಮೂರನೇ ಮೆಟ್ಟಿಲಾದ ಬಿ1 ಇದ್ದರೆ 21 ತಿಂಗಳು ಸಾಕು.

ಚಾಕೊಲೇಟ್ ಗೋದಾಮಿನ ಪಾಠ

ಮಾತೇ ಇಲ್ಲದ ಬೇಸಿಗೆ ಕೆಲಸ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಅಮೆರಿಕದಲ್ಲಿ ಒಂದು ದಾಖಲಾದ ಉದಾಹರಣೆಯಿದೆ. ಅಲ್ಲಿನ ವಿದೇಶಾಂಗ ಇಲಾಖೆ ಜೆ-1 ವೀಸಾದಡಿ 'ಸಮ್ಮರ್ ವರ್ಕ್ ಟ್ರಾವೆಲ್' ಯೋಜನೆ ನಡೆಸುತ್ತದೆ. ಬೇರೆ ದೇಶಗಳ ಕಾಲೇಜು ವಿದ್ಯಾರ್ಥಿಗಳು ರಜೆಯಲ್ಲಿ ಬಂದು ದುಡಿಯಬೇಕು, ಇಂಗ್ಲಿಷ್ ಸುಧಾರಿಸಿಕೊಳ್ಳಬೇಕು, ಅಮೆರಿಕನ್ನರ ಗೆಳೆತನ ಬೆಳೆಸಬೇಕು ಎಂಬುದು ಉದ್ದೇಶ.

2011ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹರ್ಷೀಸ್ ಚಾಕೊಲೇಟ್ ಪ್ಯಾಕ್ ಮಾಡುತ್ತಿದ್ದ ಗೋದಾಮಿನಿಂದ ಈ ಯೋಜನೆಯಲ್ಲಿ ಬಂದಿದ್ದ ನೂರಾರು ವಿದ್ಯಾರ್ಥಿಗಳು ಕೆಲಸ ಬಿಟ್ಟು ಹೊರಬಂದು ಪ್ರತಿಭಟಿಸಿದರು. ಚೀನಾ, ಟರ್ಕಿ, ಉಕ್ರೇನ್, ನೈಜೀರಿಯಾ ಮುಂತಾದ ದೇಶಗಳ ಯುವಕ ಯುವತಿಯರು ಅವರು. ಭಾರದ ಪೆಟ್ಟಿಗೆ ಎತ್ತುವ ಕೆಲಸ, ರಾತ್ರಿ ಪಾಳಿ, ಬಾಡಿಗೆ ಕಡಿತದ ಬಳಿಕ ಉಳಿಯುವ ಅಲ್ಪ ಸಂಬಳ ಅವರ ದೂರುಗಳಾಗಿದ್ದವು. ಅದರ ಜತೆಗೇ ಇನ್ನೊಂದು ದೂರಿತ್ತು. ಸಂಸ್ಕೃತಿ ವಿನಿಮಯ ಎಂದು ಕರೆತಂದು, ಅಮೆರಿಕನ್ನರ ಜತೆ ಬೆರೆಯಲು ಅವಕಾಶವೇ ಇಲ್ಲದ ಕಡೆ ನಿಲ್ಲಿಸಿದ್ದಾರೆ ಎಂಬುದು.

ಸರ್ಕಾರ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. 2012ರಲ್ಲಿ ನಿಯಮ ಬದಲಿಸಿ, ಗೋದಾಮು ಮತ್ತು ಕಾರ್ಖಾನೆಯ ಇಂಥ ಕೆಲಸಗಳನ್ನು, ಮುಖ್ಯವಾಗಿ ರಾತ್ರಿ ಹೊತ್ತಿನಲ್ಲಿ ನಡೆಯುವ ಕೆಲಸಗಳನ್ನು ಯೋಜನೆಯಿಂದ ಹೊರಗಿಟ್ಟಿತು. ಜನರೊಡನೆ ಬೆರೆಯುವ ಅವಕಾಶ ಇರಲೇಬೇಕು ಎಂದಿತು. ಎಂದರೆ, ಮಾತಿನ ಅವಕಾಶವೂ ಕೆಲಸದ ಷರತ್ತಾಗಬಲ್ಲದು ಎಂದು ಒಂದು ಸರ್ಕಾರ ಒಪ್ಪಿಕೊಂಡಂತಾಯಿತು.

ಕೌಂಟರಿನ ಹಿಂದಿನ ತರಗತಿ

ಮತ್ತೆ ಸ್ಟುಟ್‌ಗಾರ್ಟ್‌ನ ಬೇಕರಿಗೆ ಬರೋಣ. ಅಲ್ಲಿ ಮೊದಲ ವಾರ ನನ್ನ ಗೆಳತಿ ಅತ್ತದ್ದೂ ಇದೆ. ಪುಸ್ತಕದಲ್ಲಿ ಸಣ್ಣ ಬನ್ನಿಗೆ 'ಬ್ರ್ಯೋಟ್ಶೆನ್' ಎಂದಿತ್ತು. ಗಿರಾಕಿಗಳು ಕೇಳುತ್ತಿದ್ದುದು 'ವೆಕ್ಲೆ'. ಅದೇ ಬನ್ನು ಬರ್ಲಿನ್‌ನಲ್ಲಿ 'ಶ್ರಿಪ್ಪೆ', ಮ್ಯೂನಿಕ್‌ನಲ್ಲಿ 'ಝೆಮ್ಮೆಲ್'. ಧಾರವಾಡದವಳು ಮಂಗಳೂರಿನ ಕನ್ನಡ ಕೇಳಿ ಒಂದು ಕ್ಷಣ ತಡವರಿಸುವುದಿಲ್ಲವೇ, ಹಾಗೆ. ಇನ್ನು ಅಂಕಿಗಳು. ಇಪ್ಪತ್ತೈದು ಎನ್ನಲು ಜರ್ಮನ್ನರು 'ಐದು ಮತ್ತು ಇಪ್ಪತ್ತು' ಎನ್ನುತ್ತಾರೆ. ಸಾಲಿನಲ್ಲಿ ಆರು ಜನ ನಿಂತಿರುವಾಗ 25 ಎಂಬುದು 52 ಆಗಿಬಿಡುತ್ತದೆ.

ಅವಳನ್ನು ಉಳಿಸಿದ್ದು ಆ ಟರ್ಕಿ ಮೂಲದ ಮಹಿಳೆ. ಅವರಿಗೂ ಜರ್ಮನ್ ಎರಡನೇ ಭಾಷೆ. ತಾವೂ ಒಮ್ಮೆ ಹೀಗೇ ತಪ್ಪಿದ್ದವರು ನಗುವುದಿಲ್ಲ, ನಿಧಾನವಾಗಿ ಹೇಳುತ್ತಾರೆ. ಜರ್ಮನ್ ಕಲಿಯಬೇಕಾದರೆ ಜರ್ಮನ್ ಗೆಳೆಯರೇ ಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಹೋಟೆಲು, ಬೇಕರಿ, ಅಡುಗೆಮನೆಗಳಲ್ಲಿ ಮೊದಲು ಗೆಳೆಯರಾಗುವವರು ಟರ್ಕಿ, ಸಿರಿಯಾ, ಪೋಲೆಂಡ್, ಉಕ್ರೇನ್ ಕಡೆಯವರೂ ಆಗಿರಬಹುದು. ಇಬ್ಬರಿಗೂ ಗೊತ್ತಿರುವುದು ಅದೊಂದೇ ಭಾಷೆಯಾದ್ದರಿಂದ ಇಂಗ್ಲಿಷ್‌ಗೆ ಜಾರುವ ದಾರಿಯೂ ಇರುವುದಿಲ್ಲ.

ಇಲ್ಲೊಂದು ಕನ್ನಡದ ತೊಡಕೂ ಬಂತು. ಜರ್ಮನ್‌ನಲ್ಲಿ ನಮ್ಮ ಹಾಗೆಯೇ 'ನೀನು' ಮತ್ತು 'ನೀವು' ಬೇರೆ ಬೇರೆ: 'ಡು' ಮತ್ತು 'ಝೀ'. ಬೇಕರಿಯಲ್ಲಿ ಎಲ್ಲರೂ ಪರಸ್ಪರ 'ಡು' ಎನ್ನುತ್ತಿದ್ದರು. ಅಮ್ಮನ ವಯಸ್ಸಿನವರಿಗೆ ಏಕವಚನ ಹಚ್ಚಲು ನನ್ನ ಗೆಳತಿಗೆ ನಾಲಿಗೆ ಬರಲಿಲ್ಲ. ಮೂರು ವಾರ 'ಝೀ' ಎಂದೇ ಮಾತನಾಡಿದಳು. ಕೊನೆಗೊಂದು ದಿನ ಅವರು "ನನ್ನ ಮೇಲೆ ಸಿಟ್ಟೇ?" ಎಂದು ಕೇಳಿದರು. ನಮ್ಮ ಗೌರವ ಅವರಿಗೆ ದೂರವಿಡುವ ಮಾತಾಗಿ ಕೇಳಿಸಿತ್ತು. ನಮ್ಮಲ್ಲಿ ಹಿರಿಯರನ್ನು ಅಕ್ಕ ಎನ್ನುತ್ತೇವೆ ಎಂದು ಇವಳು ವಿವರಿಸಿದಳು. ಟರ್ಕಿ ಭಾಷೆಯಲ್ಲೂ ಅದಕ್ಕೆ 'ಆಬ್ಲಾ' ಎಂಬ ಪದವಿದೆ ಎಂದು ಗೊತ್ತಾಯಿತು. ಅಂದಿನಿಂದ ಅವರು ಆಬ್ಲಾ, ಮಾತು 'ಡು'ವಿನಲ್ಲಿ.

ಗೆಳೆತನದಿಂದ ಹಕ್ಕಿನವರೆಗೆ

ಇದು ಬರೀ ಭಾವುಕ ವಿಷಯವಲ್ಲ. ಜರ್ಮನಿಯಲ್ಲಿ ಆರು ಗಂಟೆಗಿಂತ ಹೆಚ್ಚು ದುಡಿದರೆ 30 ನಿಮಿಷ ವಿರಾಮ ಕೊಡಬೇಕು. ನಾಲ್ಕು ವಾರ ಕೆಲಸ ಮಾಡಿದವರು ಕಾಯಿಲೆ ಬಿದ್ದರೆ ಆರು ವಾರದವರೆಗೆ ಸಂಬಳ ನಿಲ್ಲಿಸುವಂತಿಲ್ಲ. ಅರೆಕಾಲಿಕ ಕೆಲಸಗಾರರಿಗೂ ಸಂಬಳ ಸಹಿತ ರಜೆ ಉಂಟು. ಇವೆಲ್ಲ ಕಾನೂನಿನಲ್ಲಿವೆ. ಆದರೆ ಜರ್ಮನ್‌ನಲ್ಲಿ ಬರೆದ ಒಪ್ಪಂದಕ್ಕೆ ಓದದೆ ಸಹಿ ಹಾಕಿದ ಇಪ್ಪತ್ತೆರಡರ ಹುಡುಗನಿಗೆ ಇದನ್ನು ಹೇಳುವವರು ಯಾರು?

ನನ್ನ ಗೆಳತಿಗೆ ಜ್ವರ ಬಂದಾಗ ಎರಡು ದಿನದ ಸಂಬಳ ಹೋಯಿತೆಂದು ಸುಮ್ಮನಿದ್ದಳು. ವೈದ್ಯರ ಚೀಟಿ ತೆಗೆದುಕೋ, ಸಂಬಳ ಬರುತ್ತದೆ ಎಂದು ಹೇಳಿದ್ದು ಆಬ್ಲಾ. ಒಂಟಿಯಾಗಿ ದುಡಿಯುವವನಿಗೆ ಮೋಸವಾದರೂ ಗೊತ್ತಾಗುವುದಿಲ್ಲ, ಗೊತ್ತಾದರೂ ಹೇಳಲು ಭಾಷೆ ಇರುವುದಿಲ್ಲ.

ಮುಂಬೈ ಕನ್ನಡಿಗರಿಗೆ ಇದು ಹೊಸದಲ್ಲ

ಮುಂಬೈ, ಪುಣೆಯ ನಮ್ಮ ಓದುಗರಿಗೆ ಈ ಕಥೆ ಪರಿಚಿತ ಅನ್ನಿಸಬಹುದು. ಕರಾವಳಿಯಿಂದ ಉಡುಪಿ ಹೋಟೆಲುಗಳಿಗೆ ಬಂದ ಹುಡುಗರು ಹಗಲು ದುಡಿದು ಸಂಜೆ ಕನ್ನಡದ ರಾತ್ರಿ ಶಾಲೆಗೆ ಹೋದವರು. ಪಾಠ ಅಲ್ಲಿ, ಆದರೆ ಹಿಂದಿ, ಮರಾಠಿ ಬಂದದ್ದು ಟೇಬಲಿನ ಬಳಿ. ಒಳಗೆ ತಟ್ಟೆ ತೊಳೆಯುತ್ತಿದ್ದವನಿಗಿಂತ ಹೊರಗೆ ಆರ್ಡರ್ ಕೇಳುತ್ತಿದ್ದವನ ನಾಲಿಗೆ ಬೇಗ ತಿರುಗಿತು. ಅವರ ಮೊಮ್ಮಕ್ಕಳು ಇಂದು ಜರ್ಮನಿಯ ವಿಮಾನ ಹತ್ತುತ್ತಿದ್ದಾರೆ. ಅಜ್ಜನ ಕಾಲದ ಆ ವ್ಯತ್ಯಾಸ ಇವತ್ತಿಗೂ ಹಾಗೇ ಇದೆ.

ಹಾಗಾದರೆ ಏನು ಮಾಡಬಹುದು?

ಒಂದು, ಹೊರಡುವ ಮೊದಲು ಎರಡನೇ ಮೆಟ್ಟಿಲಾದ ಎ2ರವರೆಗಾದರೂ ಕಲಿಯುವುದು. ಬೆಂಗಳೂರು, ಮುಂಬೈ, ಪುಣೆ, ಚೆನ್ನೈ, ದೆಹಲಿಯಲ್ಲಿ ಮ್ಯಾಕ್ಸ್‌ಮುಲ್ಲರ್ ಭವನಗಳಿವೆ. ಗಡಿಯಾರ, ಅಂಕಿ, ಹಣ, ಕ್ಷಮೆ ಕೇಳುವ ಮಾತು ಇವಿಷ್ಟು ಬಾಯಿಗೆ ಬಂದರೆ ಕೌಂಟರಿನ ಹಿಂದೆ ನಿಲ್ಲಬಹುದು.

ಎರಡು, ಸಂದರ್ಶನದಲ್ಲಿ ಸಂಬಳದ ಜತೆ ಇನ್ನೆರಡು ಪ್ರಶ್ನೆ ಕೇಳುವುದು: ನನ್ನ ಪಾಳಿಯಲ್ಲಿ ಯಾರಿರುತ್ತಾರೆ? ಅಲ್ಲಿ ಯಾವ ಭಾಷೆ ನಡೆಯುತ್ತದೆ? ಕನಿಷ್ಠ ವೇತನ ಎಲ್ಲೆಡೆ ಒಂದೇ ಆದ್ದರಿಂದ, ಮಾತು ಸಿಗುವ ಕೆಲಸ ಆರಿಸಿಕೊಂಡರೆ ದೊಡ್ಡ ನಷ್ಟವಿಲ್ಲ. ಡೆಲಿವರಿ ಕೆಲಸ ಅನಿವಾರ್ಯವಾದರೆ ಅದನ್ನು ಮೊದಲ ಬೇಸಿಗೆಗೆ ಸೀಮಿತವಾಗಿಸಿ, ಎರಡನೆಯದನ್ನು ಬೇರೆಡೆ ಕಳೆಯಲು ಯತ್ನಿಸಬಹುದು.

ಮೂರು, ತೊಂದರೆಯಾದಾಗ ಸಹಾಯ ಕೇಳುವುದು. ಯುರೋಪಿನ ಹೊರಗಿನಿಂದ ಬಂದ ಕೆಲಸಗಾರರಿಗೆ 'ಫೇರ್ ಇಂಟೆಗ್ರಾಟ್ಸಿಯೋನ್' ಎಂಬ ಸಲಹಾ ಕೇಂದ್ರಗಳು ಹಲವು ಭಾಷೆಗಳಲ್ಲಿ ಉಚಿತವಾಗಿ ನೆರವು ಕೊಡುತ್ತವೆ.

ಸರ್ಕಾರಗಳ ಪಾಲೂ ಇದೆ. 90 ಸಾವಿರ ವೀಸಾ ಎಂಬ ಘೋಷಣೆ ಕೇಳಲು ಚೆಂದ. ಅಷ್ಟು ಜನರನ್ನು ಕರೆದು ಮಾತಿಲ್ಲದ ಮೂಲೆಗಳಲ್ಲಿ ದುಡಿಸಿದರೆ ಅವರಿಗೂ ಊರು ಸಿಗುವುದಿಲ್ಲ, ಆ ಊರಿಗೂ ಅವರು ಸಿಗುವುದಿಲ್ಲ. 2012ರಲ್ಲಿ ಅಮೆರಿಕ ಹಾಕಿದಂಥ ಷರತ್ತನ್ನು ಯಥಾವತ್ತಾಗಿ ತರಬೇಕೆಂದಲ್ಲ. ಕೆಲಸದ ಸಮಯದಲ್ಲೇ ವಾರಕ್ಕೆ ಕೆಲವು ಗಂಟೆ ಭಾಷಾ ತರಗತಿಗೆ ಬಿಡುವ ಸಂಸ್ಥೆಗಳಿಗೆ ಪ್ರೋತ್ಸಾಹ ಕೊಡುವುದು ಒಳ್ಳೆಯ ಆರಂಭವಾದೀತು.

ನನ್ನ ಗೆಳತಿಯ ರಜೆ ಮುಗಿದಿದೆ, ಕೆಲಸವೂ ಮುಗಿದಿದೆ. ಬಿ1 ಪರೀಕ್ಷೆ ಇನ್ನೂ ಬಾಕಿ. ಕಳೆದ ವಾರ ಹೊಸ ಮನೆಯ ಬಾಡಿಗೆ ಕರಾರು ಬಂದಾಗ ಅದನ್ನು ಹಿಡಿದುಕೊಂಡು ಹೋದದ್ದು ಅದೇ ಬೇಕರಿಗೆ. ಆಬ್ಲಾ ಓದಿ, ಎರಡು ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಇಲ್ಲಿ ಪ್ರಶ್ನೆ ಕೇಳು ಎಂದರಂತೆ. ಕೇಳಿದಳು. ಜರ್ಮನ್‌ನಲ್ಲೇ.